ಸಾಮಾಜಿಕ ಐಕಮತ್ಯ

ಒಂದು ಗುಂಪಿನ ಅಥವಾ ಸಮಾಜದ ಸದಸ್ಯರನ್ನು ಪರಸ್ಪರ ಬೆಸೆಯುವ ನಂಟನ್ನು ಸಮಾಜಶಾಸ್ತ್ರದಲ್ಲಿ ಸಾಮಾಜಿಕ ಐಕಮತ್ಯ ಎನ್ನಲಾಗುತ್ತದೆ. ಸಮಾನ ನಂಬಿಕೆ, ಪರಸ್ಪರಾವಲಂಬನೆ ಮತ್ತು ನೆರವಿನ ಹೊಣೆಗಾರಿಕೆ ಇದರ ಮುಖ್ಯ ಆಧಾರಗಳು. ಐಕಮತ್ಯವು ನೇರವಾಗಿ ಗೋಚರಿಸದ ಕಾರಣ ಅದನ್ನು ಹೊರಗುರುತುಗಳ ಮೂಲಕ ಅಳೆಯಲಾಗುತ್ತದೆ.

ಪರಿಕಲ್ಪನೆ

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ ಶ್ರಮ ವಿಭಜನೆಯನ್ನು ಕುರಿತ ತಮ್ಮ 1893ರ ಗ್ರಂಥದಲ್ಲಿ ಎರಡು ಬಗೆಯ ಐಕಮತ್ಯವನ್ನು ಗುರುತಿಸಿದರು. ಒಂದೇ ಬಗೆಯ ಬದುಕು ಮತ್ತು ನಂಬಿಕೆಯಿಂದ ಮೂಡುವುದು ಯಾಂತ್ರಿಕ ಐಕಮತ್ಯ; ಭಿನ್ನ ವೃತ್ತಿಯವರು ಪರಸ್ಪರ ಅವಲಂಬಿಸುವುದರಿಂದ ಮೂಡುವುದು ಸಾವಯವ ಐಕಮತ್ಯ.

ಕರ್ನಾಟಕದಲ್ಲಿ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸಮೀಪದ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ನಡೆಸಿ, ಅದನ್ನು ‘ರಾಂಪುರ’ ಎಂಬ ಹೆಸರಿನಲ್ಲಿ ಚಿತ್ರಿಸಿದರು. ಒಂದೇ ಜಾತಿಯವರನ್ನು ಊರಾಚೆಗೂ ಬೆಸೆಯುವ ಸಮತಲ ನಂಟನ್ನೂ, ಒಂದೇ ಊರಿನ ಭಿನ್ನ ಜಾತಿಗಳನ್ನು ಬೆಸೆಯುವ ಲಂಬ ನಂಟನ್ನೂ ಅವರು ಪ್ರತ್ಯೇಕಿಸಿದರು. ಊರಿನ ಒಗ್ಗಟ್ಟು ಮೇಲುಕೀಳಿನ ಜೊತೆಯಲ್ಲಿಯೇ ಇರಬಲ್ಲದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮಾಪನ

ಡರ್ಖೈಮ್ ಕಾನೂನನ್ನೇ ಸೂಚಕವಾಗಿ ಬಳಸಿದರು: ದಂಡಿಸುವ ಕಾನೂನು ಯಾಂತ್ರಿಕ ಐಕಮತ್ಯವನ್ನೂ, ನಷ್ಟ ತುಂಬಿಸುವ ಕಾನೂನು ಸಾವಯವ ಐಕಮತ್ಯವನ್ನೂ ಸೂಚಿಸುತ್ತದೆ. 1897ರಲ್ಲಿ ಅವರು ಆತ್ಮಹತ್ಯೆಯ ಪ್ರಮಾಣವನ್ನು ಸಾಮಾಜಿಕ ಬೆಸುಗೆಯ ಮಟ್ಟದೊಂದಿಗೆ ಜೋಡಿಸಿ ನೋಡಿದರು. ಅಮೆರಿಕದ ಎಮೊರಿ ಬೊಗಾರ್ಡಸ್ 1925ರಲ್ಲಿ ಪ್ರಕಟಿಸಿದ ಸಾಮಾಜಿಕ ಅಂತರದ ಮಾಪಕವು, ಅನ್ಯ ಗುಂಪಿನವರನ್ನು ಮದುವೆಯ ಸಂಬಂಧಿ, ನೆರೆಯವರು, ಸಹೋದ್ಯೋಗಿ ಮೊದಲಾದ ಯಾವ ಹಂತದವರೆಗೆ ಒಪ್ಪಲು ಸಿದ್ಧರಿದ್ದೀರಿ ಎಂದು ಕೇಳುತ್ತದೆ. ಪರಸ್ಪರ ನೆರವು, ಸಂಘಗಳ ಸದಸ್ಯತ್ವ ಮತ್ತು ನಂಬಿಕೆಯನ್ನು ಕುರಿತ ಸಮೀಕ್ಷೆಗಳೂ ಬಳಕೆಯಲ್ಲಿವೆ.

ಉದಾಹರಣೆ: ರಾಯಚೂರು ಜಿಲ್ಲೆಯ ಮೊಹರಂ

ಮುದಗಲ್ ಸೇರಿದಂತೆ ರಾಯಚೂರು ಜಿಲ್ಲೆಯ ಅನೇಕ ಊರುಗಳಲ್ಲಿ ಮೊಹರಂ ಅನ್ನು ಹಿಂದೂಗಳೂ ಮುಸ್ಲಿಮರೂ ಕೂಡಿ ಆಚರಿಸುತ್ತಾರೆ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವುದು, ಹರಕೆ ಸಲ್ಲಿಸುವುದು ಇದರ ಭಾಗ. ದುಡಿಮೆಗಾಗಿ ಗುಳೆ ಹೋದವರಲ್ಲಿ ಹಲವರು ಹಬ್ಬಕ್ಕೆ ಊರಿಗೆ ಮರಳುತ್ತಾರೆ. ಹಬ್ಬದಲ್ಲಿ ಪಾಲ್ಗೊಂಡವರನ್ನು ಎಣಿಸಿದರೆ ಐಕಮತ್ಯವು ಹೆಚ್ಚಾಗಿ ತೋರಬಹುದು. ಅದೇ ಜನರಿಗೆ ಮದುವೆ, ಸಹಭೋಜನ, ಬಾಡಿಗೆ ಮನೆಗಳ ಬಗ್ಗೆ ಬೊಗಾರ್ಡಸ್ ಮಾದರಿಯ ಪ್ರಶ್ನೆಗಳನ್ನು ಕೇಳಿದರೆ ಬೇರೆಯೇ ಉತ್ತರ ದೊರೆಯಬಹುದು. ಊರಲ್ಲಿ ಇರುವವರನ್ನಷ್ಟೇ ಒಳಗೊಂಡ ಸಮೀಕ್ಷೆಯು ಗುಳೆ ಹೋದವರ ನಂಟನ್ನು ಗುರುತಿಸದೆ ಹೋಗಬಹುದು.

ಮಿತಿಗಳು

ಒಂದೇ ಸೂಚಕವನ್ನು ನೆಚ್ಚಿದ ಮಾಪನವು ತಪ್ಪು ಚಿತ್ರ ಕೊಡಬಲ್ಲದು. ಜಗಳವಿಲ್ಲದಿರುವುದು ಐಕಮತ್ಯದ ಫಲವಾಗಿರಬಹುದು, ದುರ್ಬಲರ ಭಯದ ಫಲವೂ ಆಗಿರಬಹುದು. ಅಸ್ಪೃಶ್ಯತೆ ಉಳಿದಿರುವ ಊರನ್ನು ಒಗ್ಗಟ್ಟಿನ ಊರು ಎನ್ನುವ ಮೊದಲು, ಕೆರೆ, ಬಾವಿ, ಗುಡಿ, ಹೋಟೆಲುಗಳಲ್ಲಿ ಎಲ್ಲರಿಗೂ ಸಮಾನ ಪ್ರವೇಶವಿದೆಯೇ ಎಂಬುದನ್ನೂ ಪರಿಶೀಲಿಸಬೇಕಾಗುತ್ತದೆ. ಆದ್ದರಿಂದ ವರ್ತನೆ, ಸಂಬಂಧ ಮತ್ತು ಮನೋಭಾವ ಈ ಮೂರನ್ನೂ ಪ್ರತ್ಯೇಕವಾಗಿ ಅಳೆದು ಹೋಲಿಸುವುದು ಅಗತ್ಯ.