ಬಾಡಿಗೆ ಮನೆಯಲ್ಲಿದ್ದೀರಾ? ಹಾಗಾದರೆ ಕಾಗದ ಗಟ್ಟಿ ಮಾಡಿಕೊಳ್ಳಿ!

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಓಣಿಗಳಿಗೆ ನುಗ್ಗಿದಾಗ, ಇದು ಮಾಲಕನ ಮನೆ, ಇದು ಬಾಡಿಗೆದಾರನ ಮನೆ ಎಂದು ನೀರೇನೂ ಕೇಳಲಿಲ್ಲ. ಎಲ್ಲರ ಜೋಳದ ಚೀಲವೂ ಒಂದೇ ರೀತಿ ತೊಯ್ದಿತು. ಮೂಡಲಗಿ ತಾಲ್ಲೂಕಿನ ಹೊಳೆಸಾಲಿನ ಹಳ್ಳಿಗಳಲ್ಲೂ, ಹಿರಣ್ಯಕೇಶಿ ಉಕ್ಕಿದ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲೂ ಅದೇ ಕಥೆ. ನೀರು ಇಳಿಯಿತು; ಸರಕಾರದ ರಜಿಸ್ಟರು ಬಂತು. ಅದು ಮಾತ್ರ ಕೇಳಿತು: "ಮನಿ ಯಾರ ಹೆಸರಿಗೆ ಐತಿ?"

"ಮಾಲಕರ ಹೆಸರಿಗೆ ಐತ್ರಿ. ನಾವು ಬಾಡಿಗಿ ಅದೀವಿ."

ಅಲ್ಲಿಗೆ ಅರ್ಧ ಮಾತು ಮುಗಿದಂತೆ!

ತಿಂಗಳಿಗೆ ಐದು ಸಾವಿರ

ಬಡವರ ಮನೆ ಬಾಡಿಗೆಗೆ ಸರಕಾರವೇ ದುಡ್ಡು ಕೊಡುತ್ತದೆ ಎಂಬ ಮಾತು ಈ ಭಾಗದ ಜನರ ಕಿವಿಗೆ ಬಿದ್ದದ್ದು ಆ ಪ್ರವಾಹದ ಕಾಲದಲ್ಲಿ. ಆಗ ಮುಖ್ಯಮಂತ್ರಿಯಾಗಿದ್ದವರು ಬಿ.ಎಸ್. ಯಡಿಯೂರಪ್ಪ. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ. ಮನೆ ಏಳುವ ತನಕ ಬೇರೆ ಕಡೆ ಇರಲು ತಿಂಗಳಿಗೆ 5,000 ರೂಪಾಯಿಯಂತೆ 10 ತಿಂಗಳ ಬಾಡಿಗೆ. ಬಾಡಿಗೆ ಬೇಡವೆಂದು ಶೆಡ್ ಹಾಕಿಕೊಳ್ಳುವವರಿಗೆ 50,000 ರೂಪಾಯಿ ಎಂದು ಘೋಷಣೆಯಾಯಿತು.

ಕೇಳಲು ಬಲು ಚೆಂದ. ಆದರೆ ಒಳಗಿನ ಗಂಟು ನೋಡಿ. ಈ ಬಾಡಿಗೆ ಹಣ ಸ್ವಂತ ಮನೆ ಕಳೆದುಕೊಂಡವರಿಗಾಗಿ ಇದ್ದದ್ದು. ಮೊದಲಿನಿಂದಲೂ ಬಾಡಿಗೆ ಕೊಡುತ್ತ ಬಂದವನ ಲೆಕ್ಕ ಬೇರೆ. ಬಿದ್ದ ಗೋಡೆಯ ಪರಿಹಾರ ಹೋಗುವುದು ಉತಾರದಲ್ಲಿ ಹೆಸರಿದ್ದವರಿಗೆ. ಒಳಗೆ ವಾಸವಿದ್ದ ಸಂಸಾರಕ್ಕೆ ಉಳಿಯುವುದು ಬಟ್ಟೆಬರೆ, ಪಾತ್ರೆ ಪಗಡೆಯ ಪರಿಹಾರ. ಕೇಂದ್ರದ ನಿಯಮದಂತೆ ಇದು ಆಗ 3,800 ರೂಪಾಯಿ ಇತ್ತು; ರಾಜ್ಯ ತನ್ನ ಕೈಯಿಂದ ಸೇರಿಸಿ 10,000 ಮಾಡಿತು. ಆದರೆ "ನಾ ಇಲ್ಲೇ ಇದ್ದೆ" ಎಂದು ತೋರಿಸಲು ಏನಾದರೂ ಬೇಕಲ್ಲ? ಆಧಾರ್ ಕಾರ್ಡಿನಲ್ಲಿ ಹಳ್ಳಿಯ ವಿಳಾಸ, ರೇಶನ್ ಕಾರ್ಡು ಅತ್ತೆಯ ಮನೆಯಲ್ಲಿ, ಬಾಡಿಗೆ ಕೊಟ್ಟದ್ದು ಬಾಯಿಮಾತಿನ ಮೇಲೆ ಎಂದರೆ ಸರ್ವೆಗೆ ಬಂದವರು ಏನು ಬರೆದುಕೊಂಡಾರು?

2024ರ ಜುಲೈನಲ್ಲಿ ಲೋಳಸೂರ ಸೇತುವೆ ಮತ್ತೆ ಮುಳುಗಿತು. ಹೊಳೆ ಹೇಳಿ ಬರುವುದಿಲ್ಲ. ಕಾಗದವನ್ನು ಬೇಸಿಗೆಯಲ್ಲೇ ಮಾಡಿಟ್ಟುಕೊಳ್ಳಬೇಕು.

ಪ್ರವಾಹವಿಲ್ಲದ ದಿನಕ್ಕೆ ಏನುಂಟು?

ಪ್ರತಿ ತಿಂಗಳ ಬಾಡಿಗೆ ಕಟ್ಟಿಕೊಡುವ ಸಾಮಾನ್ಯ ಯೋಜನೆ ನಮ್ಮ ರಾಜ್ಯದಲ್ಲಿಲ್ಲ. ಆದರೆ ಬಾಡಿಗೆಯ ಬೆನ್ನಿಗೇ ಬರುವ ಕರೆಂಟ್ ಬಿಲ್ಲಿನ ಭಾರ ಇಳಿಸುವ ಗೃಹಜ್ಯೋತಿ ಉಂಟು. 2023ರ ಜುಲೈ 1ರಿಂದ ಜಾರಿಗೆ ಬಂದ ಈ ಯೋಜನೆ ಬಾಡಿಗೆದಾರರಿಗೂ ಅನ್ವಯ. ಮೀಟರು ಮಾಲಕನ ಹೆಸರಿನಲ್ಲಿದ್ದರೂ ಅಡ್ಡಿಯಿಲ್ಲ. ಬಾಡಿಗೆ ಕರಾರುಪತ್ರವನ್ನೋ ಆ ವಿಳಾಸದ ಮತದಾರರ ಚೀಟಿಯನ್ನೋ ತೋರಿಸಿ, ಮೀಟರಿನ ಗ್ರಾಹಕ ಸಂಖ್ಯೆಗೆ ತಮ್ಮ ಆಧಾರ್ ಜೋಡಿಸಬೇಕು.

ಗೋಕಾಕ, ಮೂಡಲಗಿಯವರಿಗೆ ಬಿಲ್ಲು ಕೊಡುವುದು ಹೆಸ್ಕಾಂ. ಹುಕ್ಕೇರಿಯವರಿಗೆ ಮಾತ್ರ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಅರ್ಜಿ ತುಂಬುವಾಗ ಇದನ್ನು ತಪ್ಪಿದರೆ ಗ್ರಾಹಕ ಸಂಖ್ಯೆ ಹೊಂದುವುದೇ ಇಲ್ಲ, ಜೋಕೆ!

"200 ಯೂನಿಟ್ ಪುಕ್ಕಟೆ" ಎಂದು ಹೀಟರು ಹಚ್ಚಿ ಕೂಡ್ರುವವರೂ ಸ್ವಲ್ಪ ಕೇಳಿ. 2022-23ರಲ್ಲಿ ಆ ಮೀಟರಿನ ತಿಂಗಳ ಸರಾಸರಿ ಎಷ್ಟೋ, ಅದರ ಮೇಲೆ ಶೇ. 10 ಮಾತ್ರ ಪುಕ್ಕಟೆ. ಸರಾಸರಿ 60 ಇದ್ದರೆ 66 ಯೂನಿಟ್. ಸರಾಸರಿ 48ಕ್ಕಿಂತ ಕಡಿಮೆ ಇದ್ದ ಬಡ ಮನೆಗಳಿಗೆ ಶೇ. 10ರ ಬದಲು 10 ಯೂನಿಟ್ ಸೇರಿಸಲು 2024ರ ಜನವರಿಯಲ್ಲಿ ಸಂಪುಟ ಒಪ್ಪಿತು. ಅಂದರೆ 30 ಉರಿಸುತ್ತಿದ್ದವರಿಗೆ 40. ಹಿಂದಿನ ಲೆಕ್ಕವೇ ಇಲ್ಲದ ಹೊಸ ಮೀಟರಿಗೆ ರಾಜ್ಯದ ಸರಾಸರಿ 53 ಹಿಡಿದು 58 ಯೂನಿಟ್ ನಿಗದಿಯಾಗಿತ್ತು. ತಮ್ಮ ಪಾಲು ದಾಟಿದರೆ ಹೆಚ್ಚಿನದಕ್ಕೆ ಹಣ. 200 ದಾಟಿದರೆ ಪೂರ್ತಿ ಬಿಲ್ಲು ತಮ್ಮದೇ!

ವಠಾರದವರಿಗೆ ಇದೇ ಕುತ್ತು. ಮೂರು ಸಂಸಾರಕ್ಕೆ ಒಂದೇ ಮೀಟರ್ ಇದ್ದರೆ ಮೂವರಿಗೂ ಸೇರಿ ಒಂದೇ ಪಾಲು. ಒಬ್ಬರು ಇಸ್ತ್ರಿ ತಿಕ್ಕಿದರೆ ಮೂವರ ಕಿಸೆಗೂ ಬಿಸಿ. ಇಂಥವರು ಮಾಲಕರ ಜೊತೆ ಮಾತಾಡಿ ಬೇರೆ ಮೀಟರ್ ಹಾಕಿಸಿಕೊಳ್ಳುವುದೇ ಲೇಸು. ಮಾಲಕನಿಗೂ ನಷ್ಟವಿಲ್ಲ; ಅವನ ಆಧಾರಿಗೆ ಸಿಗುವುದು ಒಂದೇ ಮೀಟರಿನ ಲಾಭ, ಉಳಿದವು ಹೇಗೂ ವ್ಯರ್ಥ.

ಮನೆ ಬಿಡುವಾಗ ಮರೆಯಬೇಡಿ

ಕೆಲಸ ಹಿಡಿದು ಮೂಡಲಗಿಯಿಂದ ಗೋಕಾಕಕ್ಕೋ, ಹುಕ್ಕೇರಿಯಿಂದ ಬೆಳಗಾವಿಗೋ ಮನೆ ಬದಲಿಸುವವರು ಹಳೆ ಮೀಟರಿನಿಂದ ತಮ್ಮ ಆಧಾರ್ ಬಿಡಿಸಿಕೊಂಡೇ ಹೋಗಬೇಕು. ಸೇವಾ ಸಿಂಧುವಿನಲ್ಲಿ ಈ ಸೌಲಭ್ಯ 2024ರಲ್ಲಿ ಬಂತು. ಬಿಡಿಸದಿದ್ದರೆ ಹೊಸ ಮನೆಯಲ್ಲಿ ನಿಮಗೂ ಇಲ್ಲ, ಹಳೆ ಮನೆಗೆ ಬಂದ ಬಡಪಾಯಿಗೂ ಇಲ್ಲ. ಫೋನಿನಲ್ಲಿ ಇದೆಲ್ಲ ತಿಳಿಯದವರು ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರಕ್ಕೆ ಹೋಗಿ ಕೇಳಬಹುದು.

ಒಟ್ಟಿನಲ್ಲಿ ಬೀಗದ ಕೈ ಇರುವುದು ಆ ಕರಾರುಪತ್ರದಲ್ಲಿ. ಕೆಲ ಮಾಲಕರಿಗೆ ಕಾಗದವೆಂದರೆ ಹೆದರಿಕೆ. ಬಾಡಿಗೆದಾರ ಮನೆಯನ್ನೇ ನುಂಗಿಬಿಟ್ಟರೆ? ಅದಕ್ಕೇ 11 ತಿಂಗಳ ಕರಾರಿನ ರೂಢಿ ಬಂದಿರುವುದು. ಒಂದು ವರ್ಷ ದಾಟಿದ ಅವಧಿಗೆ ನೋಂದಣಿ ಕಡ್ಡಾಯ. 11 ತಿಂಗಳಿಗೆ ಆ ತಾಪತ್ರಯವಿಲ್ಲ. ಛಾಪಾ ಕಾಗದದ ಮೇಲೆ ಇಬ್ಬರ ಹೆಸರು, ಮನೆಯ ನಂಬರು, ಬಾಡಿಗೆ, ಠೇವಣಿ, ಕರೆಂಟ್ ಬಿಲ್ಲು ಯಾರದು ಎಂಬುದು, ಇಬ್ಬರ ಸಹಿ, ಸಾಕ್ಷಿ. ಅವಧಿ ಮುಗಿದ ಕೂಡಲೇ ಹೊಸದು ಮಾಡಿಸಿ. ಪ್ರತಿ ತಿಂಗಳ ಬಾಡಿಗೆಗೂ ರಸೀದಿ ಕೇಳಿ. ಆಧಾರ್, ರೇಶನ್ ಕಾರ್ಡುಗಳಿಗೆ ಈಗಿನ ವಿಳಾಸ ಹಚ್ಚಿಸಿ. ಎಲ್ಲದರ ಒಂದೊಂದು ಝೆರಾಕ್ಸ್ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರದ ಮಾಡಿನಲ್ಲಿಡಿ. ಹೊಳೆದಂಡೆಯವರಂತೂ ಮರೆಯಲೇಬಾರದು.

ಮುಂದಿನ ಸಲ "ಮನಿ ಯಾರ ಹೆಸರಿಗೆ ಐತಿ?" ಎಂದು ಕೇಳಿದಾಗ, "ಮನಿ ಮಾಲಕರದ್ರೀ ಸಾಹೇಬ್ರ, ಇರೋರು ನಾವು. ತಗೋರಿ ಕಾಗದ" ಎನ್ನುವಂತಿರಬೇಕು.