ಅಕ್ವೇರಿಯಂಗೆ ಕೈ ಹಾಕುವ ಮುನ್ನ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಎಷ್ಟೋ ಮನೆಗಳ ನೆಲಕ್ಕೆ ಶಹಾಬಾದ್ ಪರಸಿಯೇ. ಬೇಸಿಗೆಗೆ ತಂಪು, ಒರೆಸೋದೂ ಸುಲಭ. ಆದರೆ ಅದೇ ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಮೀನಿನ ತೊಟ್ಟಿಗೆ ಕೈ ಹಾಕ್ತೀರಲ್ಲ, ಒಳಗಿನ ಪಂಪಿನ ವೈರ್ ಬಿರುಕು ಬಿಟ್ಟಿದ್ದರೆ ಕರೆಂಟು ನಿಮ್ಮ ಮೂಲಕವೇ ನೆಲ ಸೇರುತ್ತದೆ. ಮೀನುಗಳು ಆರಾಮಾಗಿವೆ ಅಂತ ನಂಬಬೇಡಿ. ಅವಕ್ಕೆ ನೆಲದ ಸಂಪರ್ಕವಿಲ್ಲ, ನಿಮಗಿದೆ!

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗುಗಳನ್ನೇ ಕೀಳಿ. ಕರೆಂಟ್ ಹೋಗಿದೆಯಲ್ಲ ಅಂತಲೂ ಕೈ ಹಾಕಬೇಡಿ, ಯಾವ ಕ್ಷಣ ಬರುತ್ತೋ. ವೈರ್ ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಮೇಲೇರುವಂತಿರಲಿ. ಆಗ ವೈರ್ ಗುಂಟ ಇಳಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ ಸೇರೋದಿಲ್ಲ.

ಮನೇಲಿ ಎಂಸಿಬಿ ಇದೆ ಅಂತೀರಾ? ಅದು ವೈರ್ ಕಾಯುತ್ತದೆ, ನಿಮ್ಮನ್ನಲ್ಲ. ಶಾಕ್‌ನಿಂದ ಜೀವ ಕಾಯೋದಕ್ಕೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಬೇಕು. ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿ, ಅರ್ಥಿಂಗ್ ಕೂಡ ನೋಡಿಸಿ. ಆಗಾಗ ಅದರ ಟೆಸ್ಟ್ ಬಟನ್ ಒತ್ತಿ.

ಇನ್ನು ಹೀಟರ್. ನಮ್ಮ 42 ಡಿಗ್ರಿ ಬಿಸಿಲಲ್ಲಿ ಅದ್ಯಾಕೆ? ಬೇಸಿಗೆಗೆ ತೆಗೆದಿಡಿ. ಪ್ಲಗ್ ಕಿತ್ತ ಮೇಲೆ ಕಾಲು ಗಂಟೆ ನೀರಲ್ಲೇ ಆರಲಿ. ಬಿಸಿಯಿದ್ದಾಗಲೇ ಹೊರತೆಗೆದರೆ ಗಾಜು ಸಿಡಿದೀತು.