ಗುಡ್ಡದ ಕಲ್ಲಿನ ಬಟ್ಟಲು: ಖಡಿ ಮಷಿನ್ನಿಗಿಂತ ಮೊದಲು ಕ್ಯಾಮರಾ ಹೋಗಲಿ

ರನ್ನ ಬೆಳಗಲಿ: "ಅಲ್ರೀ ಪೇಪರ್‌ನವ್ರ, ತಗ್ಗು ಬಿದ್ದ ಕಲ್ಲಿಂದು ಫೋಟೋ ಹೊಡಕೊಂಡು ಏನ್ ಮಾಡ್ತಾರ? ಅದರಿಂದ ಕಬ್ಬಿನ ಬಿಲ್ ಜಲ್ದಿ ಬರ್ತೈತೇನು?"

ಚಹಾದಂಗಡಿಯಲ್ಲಿ ಹಿರಿಯರೊಬ್ಬರು ಹೀಗೆ ಕೇಳಿದಾಗ ಕುಂತವರೆಲ್ಲ ನಕ್ಕರು. ನಾನೂ ನಕ್ಕೆ. ಬಿಲ್ಲು ಬರುವುದಿಲ್ಲ, ಅದು ಖರೆ. ಆದರೆ ಮುಧೋಳದ ಬಸ್ಸು ಬರಲು ಇನ್ನೂ ವೇಳೆ ಇತ್ತು. ಅವರಿಗೆ ಹೇಳಿದ್ದನ್ನೇ ಓದುಗರಿಗೂ ಹೇಳುತ್ತೇನೆ.

ಗುಡ್ಡದ ಬಂಡೆಯ ಮೇಲೆ ಅಂಗೈಯಲ್ಲಿ ಹಿಡಿಸುವಷ್ಟು ದುಂಡನೆಯ ಕುಳಿಗಳನ್ನು ಹಿಂದಿನವರು ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮಾಡಿದ್ದಾರೆ. ಕೆಲವು ಕಡೆ ಆ ಕುಳಿಯ ಸುತ್ತ ಬಳೆ ಇಟ್ಟಂತೆ ಗೆರೆ ಇರುತ್ತದೆ, ಒಂದರ ಹೊರಗೊಂದು. ಬಟ್ಟಲು ಮತ್ತು ಬಳೆ ಅನ್ನಬಹುದು. ಇವನ್ನು ಮಾಡಿದವರಿಗೆ ಅಕ್ಷರ ಗೊತ್ತಿರಲಿಲ್ಲ. ಯಾಕೆ ಮಾಡಿದರು ಎಂದು ಕೇಳಿದರೆ ಪಂಡಿತರು ಪೂಜೆ, ಲೆಕ್ಕ, ಗಡಿ, ಮಳೆ ಎಂದು ತಲೆಗೊಂದು ಮಾತು ಹೇಳುತ್ತಾರೆ. ಪಿ.ಯು.ಸಿ. ನಡುವೆಯೇ ಬಿಟ್ಟ ನಾನು ಆ ಜಗಳಕ್ಕೆ ಹೋಗುವುದಿಲ್ಲ.

ಇಂಥ ಗುರುತುಗಳ ಬಗ್ಗೆ ಮೊದಲಿಗೆ ದೊಡ್ಡ ಪುಸ್ತಕ ಬರೆದವರಲ್ಲಿ ಒಬ್ಬ ಡಾಕ್ಟರ್. ಸ್ಕಾಟ್ಲೆಂಡಿನ ಜೇಮ್ಸ್ ಸಿಂಪ್ಸನ್. 1847ರಲ್ಲಿ ಹೆರಿಗೆ ನೋವಿಗೆ ಕ್ಲೋರೋಫಾರ್ಮ್ ಕೊಟ್ಟು ಹೆಸರಾದವರು ಇವರೇ. ಹಗಲೆಲ್ಲ ರೋಗಿಗಳು, ಬಿಡುವಿದ್ದಾಗ ಬಂಡೆಗಳು. 1867ರಲ್ಲಿ ಪುಸ್ತಕ ಬಂತು. ಹತ್ತು ವರ್ಷದೊಳಗೆ ರಿವೆಟ್ ಕಾರ್ನಾಕ್ ಎಂಬ ಬ್ರಿಟಿಷ್ ಅಧಿಕಾರಿ ನಮ್ಮ ದೇಶದ ಕುಮಾವೂಂ ಗುಡ್ಡಗಳಲ್ಲಿ ಅಂಥದೇ ಕುಳಿಗಳನ್ನು ಕಂಡು, ಆ ದೇಶದವು ಈ ದೇಶದವು ಒಂದೇ ನಮೂನೆ ಇವೆಯಲ್ಲ ಎಂದು 1877ರಲ್ಲಿ ಬರೆದರು.

ನಮ್ಮ ಕರ್ನಾಟಕದಲ್ಲಿ ಈ ವಿಷಯದ ದೊಡ್ಡ ಠಿಕಾಣಿ ಎಂದರೆ ಬಳ್ಳಾರಿ ಮಗ್ಗುಲಿನ ಸಂಗನಕಲ್ಲು, ಕುಪ್ಪಗಲ್ಲು. ಅಲ್ಲಿ ಬೆಣಚುಕಲ್ಲಿನ ಗುಡ್ಡದ ನಡುವೆ ಕರಿಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಶಾಸ್ತ್ರಜ್ಞರು ಅದನ್ನು ಡೊಲೆರೈಟ್ ಎನ್ನುತ್ತಾರೆ. ಹೊಸ ಶಿಲಾಯುಗದ ಜನ ಇದೇ ಕರಿಕಲ್ಲಿನಿಂದ ಕೊಡಲಿ ಮಾಡಿಕೊಂಡರು, ಇದೇ ಕಲ್ಲಿನ ಮೇಲೆ ಚಿತ್ರ ಕುಟ್ಟಿದರು. ಉದ್ದ ಕೋಡಿನ, ಇಣಿ ಇರುವ ಎತ್ತುಗಳೇ ಹೆಚ್ಚು. ನಡುನಡುವೆ ಮನುಷ್ಯರು. ಕೆಲವು ಚಿತ್ರ ಎಂಥ ಜಾಗದಲ್ಲಿವೆ ಎಂದರೆ, ಮೇಲಿನ ಬಂಡೆಯಿಂದ ಜೋತುಬಿದ್ದೇ ಕುಟ್ಟಿರಬೇಕು. ಇನ್ನು ಕೆಲವು ಬಂಡೆಗಳಲ್ಲಿ ಬಟ್ಟಲಿನಂಥ ಕುಳಿಗಳಿವೆ. ಆ ಕುಳಿಯನ್ನು ಸಣ್ಣ ಕಲ್ಲಿನಿಂದ ಬಡಿದರೆ ಗುಡಿಯ ಜಾಗಟೆ ಬಡಿದಂತೆ ದನಿ ಬರುತ್ತದೆ! ಕಣ್ಣಿಗಾಗಿ ಅಲ್ಲ, ಕಿವಿಗಾಗಿ ಆದ ಕುಳಿಗಳು ಅವು.

ನಾನು ಒಮ್ಮೆ ಆ ಗುಡ್ಡ ಹತ್ತಿದ್ದೆ. ಮಟಮಟ ಮಧ್ಯಾಹ್ನ, ಬೆವರು ಸುರಿಸಿಕೊಂಡು ಹೋಗಿ ನೋಡಿದರೆ ಬರೀ ಕರಿಬಂಡೆ. ಏನೂ ಕಾಣವಲ್ಲದು. ಬಸ್ ಚಾರ್ಜು ವ್ಯರ್ಥವಾಯಿತು ಎಂದು ಕುಂತೆ. ಹೊತ್ತು ಇಳಿದಂತೆ ಬಿಸಿಲು ಓರೆಯಾಗಿ ಬಿತ್ತು ನೋಡಿ, ಒಂದೊಂದೇ ಎತ್ತು ಎದ್ದು ಬಂದಂತಾಯಿತು. ದಾಖಲಾತಿ ಮಾಡುವವರ ಮೊದಲ ಪಾಠವೇ ಇದು: ಮುಂಜಾನೆ ಇಲ್ಲಾ ಸಂಜೆ ಹೋಗಬೇಕು, ಗೆರೆಯ ಒಂದು ಮಗ್ಗುಲಿಗೆ ನೆರಳು ಬೀಳಬೇಕು.

ಕುಪ್ಪಗಲ್ಲಿನ ಚಿತ್ರಗಳ ಸುದ್ದಿ 1892ರಷ್ಟು ಹಿಂದೆಯೇ ಲಂಡನ್ನಿನ ಪಂಡಿತರ ಸಭೆಗೆ ಹೋಗಿತ್ತು. ಫಾಸೆಟ್ ಎಂಬ ಪೊಲೀಸ್ ಅಧಿಕಾರಿ ಅದನ್ನು ಬರೆದರು. ಫೋಟೋಗಳನ್ನೂ ತೆಗೆದಿದ್ದರು. ಮುಂದೆ ಆ ಫೋಟೋಗಳು ಮಾಸಿದವು. ಗುಡ್ಡಕ್ಕೆ ಆಗೊಬ್ಬ ಈಗೊಬ್ಬ ವಿದ್ವಾಂಸ ಬಂದು ಹೋದರೂ ಬಂಡೆ ಬಂಡೆ ಹಿಡಿದು ಬರೆದಿಡುವ ಕೆಲಸ ನೂರು ವರ್ಷ ಆಗಲಿಲ್ಲ. 2002ರ ನಂತರ ನಿಕೋಲ್ ಬೋಯ್ವಿನ್ ಎಂಬ ವಿದೇಶಿ ಸಂಶೋಧಕಿ, ನಮ್ಮ ಧಾರವಾಡ ಕರ್ನಾಟಕ ವಿಶ್ವವಿದ್ಯಾಲಯದ ಪ್ರೊ. ರವಿ ಕೋರಿಶೆಟ್ಟರ ಮತ್ತು ಜೊತೆಗಾರರು ಕೂಡಿ ಆ ಗುಡ್ಡದ ಮೇಲೆ ಕೆಲಸ ಮಾಡಿದರು. ಅವರು ಹೋಗುವಷ್ಟರಲ್ಲಿ ಗುಡ್ಡದ ಕೆಲವು ಭಾಗಕ್ಕೆ ಕಲ್ಲುಗಣಿ ಬಾಯಿ ಹಾಕಿಯಾಗಿತ್ತು. ಉತ್ತರಕ್ಕಿದ್ದ, ಇದಕ್ಕಿಂತ ಹಳೆಯ ಚಿತ್ರಗಳ ಕಲ್ಲಾಸರೆಯೊಂದು ಅರ್ಧ ಹಾಳಾಗಿತ್ತು. ಒಡೆದ ಕಲ್ಲು ಯಾವ ರಸ್ತೆಗೆ, ಯಾರ ಮನೆಯ ತಳಪಾಯಕ್ಕೆ ಹೋಯಿತೋ. ಅಲ್ಲಿ ಎಷ್ಟು ಎತ್ತುಗಳಿದ್ದವು, ಎಷ್ಟು ಬಟ್ಟಲು ಇದ್ದವು ಎಂದು ಇನ್ನು ಲೆಕ್ಕ ಹಾಕುವವರು ಯಾರು?

ಹಿರಿಯರಿಗೆ ನಾನು ಹೇಳಿದ್ದು ಇಷ್ಟೇ. ಗಣಿಯವರಿಗೂ ಹೊಟ್ಟೆ ಇದೆ, ಖಡಿ ಇಲ್ಲದೆ ನಮ್ಮ ರಸ್ತೆಯೂ ಆಗುವುದಿಲ್ಲ. ಆದರೆ ಮಷಿನ್ನು ಹೋಗುವುದಕ್ಕಿಂತ ಒಂದು ಸಂಜೆ ಮೊದಲು ಕ್ಯಾಮರಾ ಹೋಗಲಿ. ಗುರುತು ಇದ್ದರೆ ಆ ಬಂಡೆ ಬಿಟ್ಟು ಬೇರೆ ಬಂಡೆ ಒಡೆಯಲಿ.

ನಮ್ಮೂರವರಿಗೆ ಕಲ್ಲಿನ ಮೇಲಿನ ಗುರುತಿನ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 949ರಲ್ಲಿ ಹುಟ್ಟಿದ, ಬಳೆಗಾರರ ಮನೆತನದ ನಮ್ಮ ರನ್ನ ದಕ್ಷಿಣಕ್ಕೆ ಹೋದವ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ 'ಕವಿರತ್ನ' ಎಂಬ ಅಕ್ಷರಗಳಿವೆ. ಅದು ರನ್ನನದೇ ಎಂದು ವಿದ್ವಾಂಸರು ನಂಬುತ್ತಾರೆ. ಅಕ್ಷರ ಇದ್ದುದಕ್ಕೆ ಅದಕ್ಕೆ ವಾರಸುದಾರರು ಸಿಕ್ಕರು. ಬಟ್ಟಲು ಕುಟ್ಟಿದವನು ಹೆಸರು ಬರೆದಿಲ್ಲ, ಹಾಗಾಗಿ ಅವನ ಕಲ್ಲಿಗೆ ಕೇಳುವವರಿಲ್ಲ. (ಈಗಿನ ಹುಡುಗರು ಗುಡ್ಡಕ್ಕೆ ಆಯಿಲ್ ಪೇಂಟ್ ಒಯ್ದು ತಮ್ಮ ಹೆಸರು, ಹುಡುಗಿಯ ಹೆಸರು, ನಡುವೆ ಬಾಣ ಬರೆಯುತ್ತಾರಲ್ಲ, ಅವರೂ ರನ್ನನ ದಾರಿಯವರೇ ಎಂದು ಯಾರೂ ವಾದ ಮಾಡಬಾರದು.)

ನಮ್ಮ ಭಾಗದಲ್ಲಿ ಅಂಥ ಹಳೆಯ ಜನ ಇದ್ದರೇ ಎಂದರೆ, ಇದ್ದರು. ತೇರದಾಳದಲ್ಲಿ 1960ರ ದಶಕದಲ್ಲಿ ಡಾ. ಅ. ಸುಂದರ ಅವರು ನೆಲ ಅಗೆಸಿ ಹೊಸ ಶಿಲಾಯುಗದ ವಸ್ತಿಯನ್ನು ಬೆಳಕಿಗೆ ತಂದರು. ತೇರದಾಳ, ಹಳಿಂಗಳಿ ಕಡೆಯ ಚಪ್ಪಡಿ ಕಲ್ಲಿನ ಗೋರಿಗಳನ್ನೂ ಅಭ್ಯಾಸ ಮಾಡಿದರು. ಘಟಪ್ರಭೆಯ ದಂಡೆಯ ಅನಗವಾಡಿಯಲ್ಲಿ ಅದಕ್ಕಿಂತ ಎಷ್ಟೋ ಹಿಂದಿನ ಕಲ್ಲಿನ ಆಯುಧಗಳು ಸಿಕ್ಕಿವೆ. ಜನ ಇದ್ದ ಮೇಲೆ ಅವರು ಓಡಾಡಿದ ಗುಡ್ಡವನ್ನೂ ಒಮ್ಮೆ ನೋಡಬೇಡವೇ?

ನೋಡಲು ಡಿಗ್ರಿ ಬೇಕಾಗಿಲ್ಲ. ಗೋವೆಯ ಉಸಗಳಿಮಳದಲ್ಲಿ ನದಿ ದಂಡೆಯ ಜಂಬಿಟ್ಟಿಗೆ ಕಲ್ಲಿನ ಮೇಲೆ ಸುತ್ತುಸುತ್ತಾದ ಗೆರೆ, ಎತ್ತು, ಜಿಂಕೆಗಳಿವೆ. 1993ರಲ್ಲಿ ಅದನ್ನು ಪುರಾತತ್ವದವರಿಗೆ ತಿಳಿಸಿದವರು ಆ ಊರಿನ ಜನರೇ. ಸ್ಕಾಟ್ಲೆಂಡಿನಲ್ಲಿ 2017ರಿಂದ 2021ರವರೆಗೆ ಊರವರಿಗೆ ತರಬೇತಿ ಕೊಟ್ಟು ಗುಡ್ಡಗುಡ್ಡದ ಬಟ್ಟಲು ಬಳೆಗಳನ್ನು ದಾಖಲಿಸಿದರು. ಒಂದೇ ಬಂಡೆಯನ್ನು ಎಲ್ಲ ದಿಕ್ಕಿನಿಂದ, ಒಂದರ ಮೇಲೊಂದು ಬರುವಂತೆ ಬಹಳಷ್ಟು ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದರೆ ಬಂಡೆಯೇ ಪರದೆಯ ಮೇಲೆ ನಿಲ್ಲುತ್ತದೆ, ಕೈಯಲ್ಲಿ ಹಿಡಿದಂತೆ ತಿರುಗಿಸಿ ನೋಡಬಹುದು. ನಮಗೆ ಅಷ್ಟು ಬೇಡ. ಮೊಬೈಲ್ ಇದೆ. ಬಂಡೆಯ ಮಗ್ಗುಲಿಗೆ ಐದು ರೂಪಾಯಿ ನಾಣ್ಯ ಇಟ್ಟರೆ ಅಳತೆ ತಿಳಿಯುತ್ತದೆ. ಉತ್ತರ ದಿಕ್ಕು ಯಾವುದು, ಯಾರ ಹೊಲದ ಮೇಲಿನ ಗುಡ್ಡ, ಸರ್ವೆ ನಂಬರ್ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದು ತಹಶೀಲ್ದಾರರಿಗೆ, ಪುರಾತತ್ವ ಇಲಾಖೆಗೆ ಅರ್ಜಿ ಕೊಡಿ. ಪೋಚ್ ತೆಗೆದುಕೊಳ್ಳುವುದು ಮರೆಯಬೇಡಿ. ಸೀಮೆಸುಣ್ಣದಿಂದ ಗೆರೆ ತಿದ್ದುವುದು, ಎಣ್ಣೆ ಸವರುವುದು, ಕುಂಕುಮ ಹಚ್ಚುವುದು ಮಾತ್ರ ಬೇಡ. ತಿದ್ದಿದ ಮೇಲೆ ಅದು ಅವರ ಗೆರೆಯಲ್ಲ, ನಿಮ್ಮ ಗೆರೆ.

ಇನ್ನೊಂದು ಎಚ್ಚರ. ತಗ್ಗು ಕಂಡ ಕೂಡಲೇ ಶಿಲಾಯುಗ ಎಂದು ಕುಣಿಯಬೇಡಿ. ಒರಳು ಬೇರೆ. ಸಾಲಾಗಿ ಚೌಕು ತೂತು ಇದ್ದರೆ ಕಲ್ಲು ಒಡೆಯುವವರು ಬೆಣೆ ಬಡಿದದ್ದು. ಮಳೆಗಾಳಿಗೂ ಬಂಡೆ ಗುಳಿ ಬೀಳುತ್ತದೆ. ಎರಡು ಸಾಲು, ಸಾಲಿಗೆ ಏಳು ತಗ್ಗು ಇದ್ದರೆ ಅದು ಅಳಗುಳಿಮಣೆ, ದನ ಕಾಯುವವರು ಹುಣಸೆಬೀಜ ಹಾಕಿ ಆಡಿದ್ದು.

ಇಷ್ಟು ಹೇಳುವಷ್ಟರಲ್ಲಿ ಮುಧೋಳದ ಬಸ್ಸು ಬಂತು. ಹಿರಿಯರು ನನ್ನ ತೋಳು ಹಿಡಿದು ನಿಲ್ಲಿಸಿದರು. "ತಡೀರಿ, ನಮ್ಮ ಹೊಲದ ಒಡ್ಡಿನ್ಯಾಗ ಒಂದು ಬಂಡಿ ಐತಿ. ತಗ್ಗ ಅದಾವು. ನಮ್ಮಪ್ಪ ಭೀಮನ ಮೊಳಕಾಲ ಗುರುತು ಅಂತಿದ್ದ."

ಬಸ್ಸು ಬಿಟ್ಟೆ. ಅವರ ಗಾಡಿಯ ಹಿಂದೆ ಕುಂತು ಹೋದೆ. ಹೊತ್ತು ಮುಳುಗಲು ಇನ್ನೂ ಅರ್ಧ ತಾಸು ಇತ್ತು. ಹಿರಿಯರು ಹೆಗಲ ಟವೆಲ್ಲಿನಿಂದ ಬಂಡೆಯ ಮೇಲಿನ ಕಬ್ಬಿನ ರವದಿ ಝಾಡಿಸಿ, ಒಂದೊಂದೇ ತಗ್ಗಿನ ಮೇಲೆ ಬೆರಳಿಟ್ಟು ಎಣಿಸಿದರು. ಎರಡು ಸಾಲು. ಏಳು, ಏಳು.

"ಹಂಗಾದ್ರ ಭೀಮ ಅಲ್ಲ, ನಮ್ಮ ಮುತ್ಯಾನ ದನಾ ಕಾಯೋ ಹುಡುಗ್ರು," ಎಂದು ಅವರು ನಕ್ಕರು. ಆದರೂ ಅವರ ಕಿಸೆಯ ಐದು ರೂಪಾಯಿ ನಾಣ್ಯವನ್ನೇ ಮಗ್ಗುಲಿಗೆ ಇಟ್ಟು ಫೋಟೋ ತೆಗೆದೆ. ಚೀಟಿಯಲ್ಲಿ ಸರ್ವೆ ನಂಬರ್ ಬರೆದುಕೊಂಡೆ. ನಾಣ್ಯ ಅವರು ಮರಳಿ ತೆಗೆದುಕೊಂಡರು.